ಸಿಪಾಯಿ ಸತ್ತಾಗಿನ ಸದ್ದು

ಅಣ್ಣಾ,

ನಿನ್ನ ಹಳೇ ಕಂಪ್ಯೂಟರ್ ಗೇಮು ಕೊನೆಗೂ ರಿಪೇರಿ ಆಯ್ತು. ನೀನು ಬದುಕಿದ್ದಷ್ಟು ದಿನ, ಅದು ನಿಂತಾಗಲೆಲ್ಲ "ಈ ಪೀಡೆ ಮುಟ್ಟಿರಬೇಕು" ಅಂತ ನನ್ನ ತಲೆಗೆ ಮೊಟಕುತ್ತಿದ್ದೆಯಲ್ಲ, ಈಗ ಕೇಳು. ಹೇಗೂ ಎದುರು ಮಾತಾಡೋಕೆ ನಿನಗಾಗಲ್ಲ.

ಇವತ್ತು ಸ್ಪೀಕರ್ ಬದಲಾಯಿಸಿದೆ, ಸೌಂಡ್ ಡ್ರೈವರ್ ಹೊಸದಾಗಿ ಹಾಕಿದೆ. ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ಆಟದ ಸಿಪಾಯಿ ಸತ್ತಾಗ ಮಾತ್ರ ಸದ್ದು ಗರಗರ ಅಂದು ಗೇಮೇ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ಸಾಯುವ ಸದ್ದಿನ ಫೈಲು ತೆರೆದೆ. ಹೊಸ ಸ್ಪೀಕರಿನಲ್ಲಿ ಜೋರಾಗಿ ನೀನು! "ಸತ್ತೋದ್ಯಾ, ಪೀಡೆ?" ಅಂತ ಕೇಳಿ ನೀನು ಕಿಸಕ್ಕನೆ ನಕ್ಕೆ. ನನ್ನನ್ನು ಅಣಕಿಸೋಕೆ ನೀನೇ ಅಸಲಿ ಫೈಲು ತೆಗೆದು ನಿನ್ನ ದನಿ ತುರುಕಿದ್ದೆ. ಅಷ್ಟು ದೊಡ್ಡ ಫೈಲು ಆ ಬಡಪಾಯಿ ಗೇಮಿಗೆ ಅರಗುತ್ತಿರಲಿಲ್ಲ. ಕೆಡಿಸಿದ್ದು ನೀನು, ಏಟು ತಿಂದಿದ್ದು ನಾನು.

ಆ ಫೈಲು ಅಳಿಸಿದೆ. ಶಾಶ್ವತವಾಗಿ ಅಳಿಸಬೇಕಾ ಅಂತ ಕೇಳಿತು, ಹೌದು ಅಂದೆ. ಹೊಟ್ಟೆ ತಣ್ಣಗಾಯ್ತು.

ಅಷ್ಟರಲ್ಲಿ ಅಮ್ಮ ಸೋಪಿನ ಕೈಯಲ್ಲೇ ಓಡಿಬಂದಳು. "ಅವನೇ ಅಲ್ವಾ ನಕ್ಕಿದ್ದು? ಇನ್ನೊಂದ್ಸಲ ಹಾಕೇ."

"ಗೇಮಿನ ಸದ್ದಮ್ಮ ಅದು."

"ನನಗೆ ಗೊತ್ತಾಗಲ್ವಾ? ಫೋಟೋದಲ್ಲಿ ದನಿ ಇರಲ್ಲ ಕಣೇ, ಹಾಕು." ಕುರ್ಚಿ ಎಳೆದು ಕೂತಳು. "ಯಾವಾಗ ಬರುತ್ತೆ?"

"ಸಿಪಾಯಿ ಸತ್ತಾಗ."

"ಸಾಯ್ಸು ಮತ್ತೆ."

ಸಾಯಿಸಿದೆ. ಸದ್ದಿಲ್ಲ. ಮತ್ತೆ ಸಾಯಿಸಿದೆ. ಗೇಮು ಒಂದು ಸಲವೂ ನಿಲ್ಲಲಿಲ್ಲ ಅಣ್ಣಾ, ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೀನಿ. ಅಮ್ಮ ಮಾತ್ರ, ಕೈಯ ನೊರೆ ಒಣಗಿದರೂ ಏಳದೆ, "ಇನ್ನೊಂದ್ಸಲ ಸಾಯ್ಸೇ" ಅಂತಾನೇ ಇದ್ದಳು.