ತೊರಕೆಬಂಡೆಯ ಸ್ಪಂಜು

ಉಪ್ಪುಗೆರೆ,
ಫೆಬ್ರವರಿ 30, 2187

ಜಟ್ಟಪ್ಪಜ್ಜನಿಗೆ, ನಿಮ್ಮ ಮೊಮ್ಮಗನ ಮರಿಮಗಳು ಹೊನ್ನಮ್ಮ ಅಂಬಿಗ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ಬರುತ್ತವೆ, ಆಗ ಯಾರೂ ಕಡಲಿಗಿಳಿಯುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಕಡಲು ಏರಿ ಬಂದು ನಿಂತ ಅಂಚಿಗೆ ನಾವು ಉಪ್ಪುಗೆರೆ ಎನ್ನುತ್ತೇವೆ. ನಮ್ಮ ಕೇರಿ ಅದರ ಮೇಲಿದೆ, ನಿಮ್ಮ ಮನೆ ಅದರ ಕೆಳಗೆ ಎರಡಾಳು ನೀರಿನಲ್ಲಿದೆ. ಇಲ್ಲಿ ತೇವ ಆರುವುದೇ ಇಲ್ಲ. ಅಕ್ಕಿಗೆ ಬೂಷ್ಟು, ಶೇಂಗಾಕ್ಕೆ ಬೂಷ್ಟು. ಬೇರೆ ಗತಿಯಿಲ್ಲದೆ ಅದನ್ನೇ ತೊಳೆದು ತಿಂದು, ಮನೆಗೊಬ್ಬರಿಗೆ ಲಿವರ್ ಕ್ಯಾನ್ಸರ್. ನನ್ನ ಮಗಳು ಸುಗಂಧಿಗೆ ಮೂವತ್ತೊಂದು ವರ್ಷ. ಹೊಟ್ಟೆ ಉಬ್ಬಿದೆ, ಕಣ್ಣು ಹಳದಿಯಾಗಿದೆ. ಮೀನುಸಾರೆಂದರೆ ಪ್ರಾಣ ಬಿಡುತ್ತಿದ್ದವಳು ಈಗ ಅದರ ವಾಸನೆಗೇ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ನಾನು ದುಡಿಯುವುದು ಜಾಡಿಮನೆಯಲ್ಲಿ. ಹಿಂದಿನವರು ಕಡಲಿನಿಂದ ತಂದು ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಜೀವಿಗಳನ್ನು ಕಾಯುವ ಮನೆ ಅದು. ಅಲ್ಲೊಂದು ಜಾಡಿಯಲ್ಲಿ ನಿಮ್ಮ ಬಲೆಗೆ ಸಿಕ್ಕಿಕೊಂಡ ಕಿತ್ತಳೆ ಬಣ್ಣದ ಸ್ಪಂಜು ಇತ್ತು. ನೀವು ಕಸವೆಂದು ದಂಡೆಗೆ ಬಿಸಾಡುತ್ತಿದ್ದದ್ದನ್ನು ಒಬ್ಬ ಸಂಶೋಧಕಿ ಕೇಳಿ ಇಸಕೊಂಡಿದ್ದಳು. ಅದರೊಳಗಿನ ಸತ್ವ ಲಿವರಿನ ಗೆಡ್ಡೆಯನ್ನು ಕರಗಿಸುತ್ತದೆಂದು ನಮ್ಮವರಿಗೆ ತಿಳಿದದ್ದು ಮೂವತ್ತು ವರ್ಷದ ಹಿಂದೆ. ಹನ್ನೊಂದು ಜನರಿಗೆ ಕೊಟ್ಟರು, ಒಂಬತ್ತು ಜನ ಎದ್ದು ಓಡಾಡಿದರು. ಜಾಡಿ ಅಲ್ಲಿಗೆ ಬರಿದಾಯಿತು. ಆ ಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೋದರೆ ಪ್ರತಿ ಸಲವೂ ಅರ್ಧದಲ್ಲೇ ಕೆಟ್ಟುಹೋಗುತ್ತದೆ. ಜೀವಂತ ಸ್ಪಂಜೇ ಬೇಕು. ಜಾಡಿಯ ಚೀಟಿಯಲ್ಲಿ ‘ಕರಿಬಂಡೆ’ ಎಂದಷ್ಟೇ ಇತ್ತು, ಕೊಟ್ಟವರ ಹೆಸರಿರಲಿಲ್ಲ. ಮೂವತ್ತು ವರ್ಷ ಕರಿಬಂಡೆಯ ಸುತ್ತ ಮುಳುಗಿ ಮುಳುಗಿ ಹುಡುಕಿದರು. ಒಂದು ಚೂರೂ ಸಿಗಲಿಲ್ಲ.

ಹೋದ ತಿಂಗಳು ಹಳೆಯ ಧ್ವನಿಮುದ್ರಣಗಳ ನಡುವೆ, ಹೆಸರು ಹೇಳಿಕೊಂಡು ಮಾತಾಡುವ ನಿಮ್ಮ ದನಿ ಕೇಳಿದೆ. ಸ್ಪಂಜು ಎಲ್ಲಿ ಸಿಕ್ಕಿತೆಂದು ಆ ಸಂಶೋಧಕಿ ಕೇಳುತ್ತಾಳೆ. “ಕರಿಬಂಡೆ ಹತ್ರ ಮಾರಾಯ್ರೆ, ಅಲ್ಲಿ ಬೇಕಾದಷ್ಟು ಬಿದ್ಕಂಡದೆ” ಅನ್ನುತ್ತೀರಿ, ಚೂರೂ ತಡವರಿಸದೆ. ನನಗೆ ಮೊದಲು ನಗು ಬಂತು. ಒಳ್ಳೆಯ ಮೀನಿರುವ ಜಾಗವನ್ನು ಹೊರಗಿನವರು ಕೇಳಿದರೆ ನಮ್ಮವರು ಕರಿಬಂಡೆ ಎನ್ನುತ್ತಾರೆ, ನಮ್ಮ ಮನೆಯವರು ನಿಜವಾಗಿ ಬಲೆ ಬೀಸುತ್ತಿದ್ದ ಜಾಗ ತೊರಕೆಬಂಡೆ. ಅದನ್ನು ಅಮ್ಮ ನನಗೆ ಕಿವಿಯಲ್ಲಿ ಹೇಳಿದ್ದಳು. ಆಮೇಲೆ ನಗು ನಿಂತಿತು.

ಏಕೆಂದರೆ ತೊರಕೆಬಂಡೆ ಈಗ ಇಲ್ಲ. ನಲವತ್ತು ವರ್ಷದ ಹಿಂದೆ ಹಡಗಿನ ದಾರಿಗಾಗಿ ಅದನ್ನು ಸಿಡಿಸಿದರು. ಸಿಡಿಸುವ ಮುಂಚೆ ಸರ್ವೆಯವರು ಮನೆಗೇ ಬಂದು, ಸಿಡಿಸುವ ಮಾತೆತ್ತದೆ, ಆ ಬಂಡೆಯಲ್ಲಿ ವಿಶೇಷವಾದದ್ದು ಏನಾದರೂ ಇದೆಯೇ ಎಂದು ಕೇಳಿದ್ದರು. “ಅಲ್ಲೆಂತ ಇರ್ತದೆ? ಬರೀ ಕಲ್ಲು” ಎಂದಳು ಅಮ್ಮ. ಸರ್ವೆಯವರು ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದವಳು ನಾನು, ಹೌದೆಂದು ತಲೆಯಾಡಿಸಿದೆ. ಜಾಗ ಬಿಟ್ಟುಕೊಡದ ಜಾಣತನಕ್ಕೆ ಆ ದಿನ ನಾವಿಬ್ಬರೂ ಎಷ್ಟು ಬೀಗಿದ್ದೆವೋ! ಅವರು ಅದನ್ನೇ ಕಾಗದದಲ್ಲಿ ಬರೆದುಕೊಂಡು ಹೋದರು.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅಜ್ಜಾ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಸ್ಪಂಜಿದ್ದ ತೊರಕೆಬಂಡೆಯನ್ನು ಬರೀ ಕಲ್ಲೆಂದು ಸಿಡಿಸಿದರೆಂಬ ಜಾಡಿಮನೆಯ ಸುದ್ದಿ ಸುಗಂಧಿಯ ಕಿವಿಗೂ ಬಿದ್ದಿದೆ. ನಿನ್ನೆ ಗಂಜಿ ಕುಡಿಸುವಾಗ, “ಅಲ್ಲಿ ಎಂತದೂ ಇಲ್ಲ ಅಂದವ್ರು ಯಾರಮ್ಮ?” ಎಂದು ಕೇಳಿದಳು. ನಾನು ಗಂಜಿ ಆರಿಸುತ್ತಾ ಕೂತೆ.

ಈ ಕಾಗದ ನಿಮ್ಮ ಕೈಸೇರುವುದೋ ಇಲ್ಲವೋ, ಗೊತ್ತಿಲ್ಲ. ಸೇರಿದರೆ, ಆ ಸಂಶೋಧಕಿ ದೋಣಿಯ ಬಳಿ ಬಂದಾಗ ಒಂದು ಸಲ, ಒಂದೇ ಒಂದು ಸಲ, ತೊರಕೆಬಂಡೆ ಎಂದು ಬಾಯಿ ಬಿಟ್ಟು ಹೇಳಿ. ಅವಳ ಹಿಂದೆ ನಾಲ್ಕು ದೋಣಿ ಬಂದು ನಿಮ್ಮ ಮೀನು ಹಿಡಿದರೆ ಹಿಡಿಯಲಿ. ವೈದ್ಯರು ಸುಗಂಧಿಗೆ ಕೊಟ್ಟಿರುವುದು ಎರಡು ತಿಂಗಳು. ಅಷ್ಟರೊಳಗೆ ಅವಳು ಮತ್ತೆ ಕೇಳುತ್ತಾಳೆ, ನಾನು ಹೇಳಲೇಬೇಕಾಗುತ್ತದೆ.