ಹೂವಿಗೆ ದೀರ್ಘ

ನನ್ನ ತಂಗಿ ಓಬಕ್ಕನಿಗೆ,

ಶೈಲೂನ ಮದುವೆ ಆಯಿತು. ಇದನ್ನೇ ಮೊದಲು ಹೇಳಿಬಿಡುತ್ತೇನೆ. ಮುಖ್ಯ ಸಂಗತಿಯನ್ನು ಕಾಗದದ ಕೊನೆಯ ಸಾಲಿನಲ್ಲಿ ತುರುಕುತ್ತೀಯ ಎಂದು ನೀನು ನನ್ನನ್ನು ಬೈಯುತ್ತಿದ್ದೆಯಲ್ಲ. ನಿನ್ನ ಮಗಳು ಹಟ ಹಿಡಿದು ಮಡಕಶಿರದ ಕಲ್ಯಾಣಮಂಟಪ ಬೇಡವೆಂದಳು. ನೀನು ಬಯಸಿದಂತೆ ಅಮರಾಪುರದ ನಿಮ್ಮ ಹೊಲದಲ್ಲೇ, ಕಣದ ಪಕ್ಕದ ಎರಡು ಹೊಂಗೆ ಮರಗಳ ನಡುವೆ ತಾಳಿ ಕಟ್ಟಿಸಿದೆವು. ರಾಯದುರ್ಗಕ್ಕೆ ವಾಪಸಾಗಿ ಮೂರು ದಿನವಾಯಿತು. ಮಿಷನ್ ಮುಂದೆ ಕೂತರೆ ಹೊಲಿಗೆ ಸಾಗುತ್ತಿಲ್ಲ. ಅದಕ್ಕೇ ಪೆನ್ನು ಹಿಡಿದೆ. ಫೋನು ಬಂದ ಮೇಲೆ ನಾವಿಬ್ಬರೂ ಕಾಗದ ಬಿಟ್ಟೆವು. ಈಗ ನಿನಗೆ ಫೋನು ಹಚ್ಚುವ ಹಾಗಿಲ್ಲವಲ್ಲ...

ನೀನು ಮೂರನೇ ಕ್ಲಾಸಿಗೆ ಹೋಗುತ್ತಿದ್ದಾಗ ನಾನು ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ, ನೆನಪಿದೆಯಾ? ಸ್ಕೂಲು ಬಿಟ್ಟು ಬಂದವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕಿತ್ತುಕೊಂಡು ಕತ್ತರಿಸುವ ಮೇಜಿನ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದೆ. ಅಣ್ಣನಿಗೆ ತಂಗಿಯೇ ಮಾಸ್ತರು. ನೀನು ಮದುವೆಯಾಗಿ ಹೋದ ಮೇಲೂ ಪಾಠ ಬಿಡಲಿಲ್ಲ. ನಾನು ಬರೆದ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ, ನಿನ್ನ ಉತ್ತರದ ಜೊತೆ ವಾಪಸು ಕಳಿಸುತ್ತಿದ್ದೆ. ನಾನು ಎಷ್ಟು ಸಲ ಬರೆದರೂ 'ಹುವು' ಎಂದೇ ಬರೆಯುತ್ತಿದ್ದೆ. ನೀನು ಪಕ್ಕದಲ್ಲಿ ಒಂದೇ ಮಾತು ಬರೆಯುತ್ತಿದ್ದೆ: 'ಅಣ್ಣಾ, ಹೂವಿಗೆ ದೀರ್ಘ ಕೊಡು. ನಿನ್ನ ಹೂವು ಯಾವಾಗಲೂ ಗಿಡ್ಡ.' ನಾನು ಓದಿ ನಗುತ್ತಿದ್ದೆ. ಅಕ್ಷರದ ವಿಷಯ ಮಾತ್ರ ಎಂದುಕೊಂಡಿದ್ದೆ, ಓಬಿ.

ನಿನಗೆ ಹೇಳದೆ ಬಚ್ಚಿಟ್ಟದ್ದು ಒಂದಿದೆ. ನಿನ್ನ ಮದುವೆಗೆ ಹೂವು ಸಾಲಲಿಲ್ಲವಲ್ಲ, ಅದು ಹೂವಿನಾಕೆಯ ತಪ್ಪಲ್ಲ. ನನ್ನದು. ಅಪ್ಪ 'ನಲವತ್ತು ಮಾರು ಹೇಳಿ ಬಾರೋ' ಎಂದು ಕಳಿಸಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಕೂರುತ್ತಿದ್ದ ಹೂವಿನಾಕೆ ತೆಲುಗಿನವಳು. 'ಎನ್ನಿ ಮೂರಲು ಬಾಬು?' ಎಂದಳು, ಎಷ್ಟು ಮೂರ ಬೇಕು ಎಂದು. ನಾನು ದೊಡ್ಡ ತೆಲುಗು ಬಲ್ಲವನಂತೆ 'ನಲಭೈ', ನಲವತ್ತು ಎಂದೆ. ಅವರ ಮೂರ ಅಂದರೆ ನಮ್ಮ ಮೊಳ, ಮೊಳಕೈಯಿಂದ ಬೆರಳ ತುದಿಯವರೆಗೆ. ನಮ್ಮ ಮಾರು ಎರಡೂ ತೋಳು ಅಗಲಿಸಿದಷ್ಟು, ನಾಲ್ಕು ಮೊಳ. ಆಕೆ ಮೊಳಕೈ ಎತ್ತಿ ತೋರಿಸಿ ಇನ್ನೊಮ್ಮೆ ಕೇಳಿದಳು. ನಾನು ಬಳ್ಳಾರಿ ಬಸ್ಸಿನ ಕಡೆ ನೋಡುತ್ತಾ ತಲೆಯಾಡಿಸಿದೆ. ಊರಿನವರ ಎದೆ, ಸೊಂಟ ಎಲ್ಲ ಟೇಪು ಹಿಡಿದು ಅಳೆಯುವವನು, ತಂಗಿಯ ಹೂವಿನ ಅಳತೆ ತಪ್ಪಿದೆ. ಕಾಲು ಭಾಗ ಹೂವು ಬಂತು. ನಿನ್ನ ಹಾರ ಹೊಕ್ಕುಳಿಗೂ ಮುಟ್ಟಲಿಲ್ಲ. ಅಪ್ಪ ಬಾಗಿಲಲ್ಲೇ ಹೂವಿನಾಕೆಯನ್ನು ಬಾಯಿಗೆ ಬಂದಂತೆ ಬೈದ. ಆಕೆ ಒಮ್ಮೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅದರ ಫಲ ಉಂಡವಳು ನೀನು. ನಿನ್ನತ್ತೆ ಎಷ್ಟು ವರ್ಷ 'ಮೊಳದ ಸೊಸೆ' ಎಂದು ಕರೆದರೋ. ನಿನ್ನನ್ನು ನೋಡಲು ಬಂದಾಗೆಲ್ಲ ಒಳಗಿನಿಂದ ಆ ಮಾತು ಕೇಳಿಸಿದರೆ ನಾನು ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಡುತ್ತಿದ್ದೆ. ಹೇಳಬೇಕು ಅಂದುಕೊಂಡದ್ದು ಒಂದು ಸಲವೇ? ಪ್ರತಿ ಸಲ ಬಸ್ ಹತ್ತುವಾಗ, ಈ ಸಲ ಹೇಳಿಯೇಬಿಡುತ್ತೇನೆ ಎಂದು...

ನಿನ್ನ ಕೊನೆಯ ಫೋನು ಮಧ್ಯಾಹ್ನ ಬಂದಿತ್ತು. ಇಷ್ಟು ವರ್ಷ ಅಮರಾಪುರದಲ್ಲಿದ್ದು ನಿನ್ನ 'ಐತಿ' ಹೋಗಿ 'ಐತೆ' ಆಗಿತ್ತು. 'ಅಣ್ಣಾ, ಶೈಲು ಮದ್ವೆ ಹೂವಿನ ಜವಾಬ್ದಾರಿ ನಿಂದೇ ಐತೆ. ಮಾರು ಹಾಕಿ ತರ್ಬೇಕು, ಕೇಳಿಸ್ತಾ?' ಎಂದೆ. ಎದುರಿಗೆ ಒಬ್ಬ ಪ್ಯಾಂಟಿಗೆ ಅಳತೆ ಕೊಡಲು ನಿಂತಿದ್ದ. 'ಆತು ಬಿಡವ್ವ, ಆಮೇಲೆ ಮಾಡ್ತೀನಿ' ಎಂದು ಇಟ್ಟುಬಿಟ್ಟೆ. ಆಮೇಲೆ ಎಂಬುದೇ ಇಲ್ಲವೆಂದು ನನಗೇನು ಗೊತ್ತಿತ್ತು? ಆ ಪ್ಯಾಂಟಿನ ಅಳತೆ ಇವತ್ತಿಗೂ ಬಾಯಲ್ಲಿದೆ. ನಿನ್ನ ದನಿ ಮಾತ್ರ ಸ್ವಲ್ಪ ಸ್ವಲ್ಪವೇ ಮಾಸುತ್ತಿದೆ.

ಶೈಲು ನೋಟುಬುಕ್ಕಿನಲ್ಲಿ ಚಪ್ಪರದ ಚಿತ್ರ ಬರೆದು ಫೋನಿಗೆ ಕಳಿಸಿದ್ದಳು. ನಿನ್ನದೇ ಬುದ್ಧಿ, ಬಾಣ ಹಾಕಿ ಹಾಕಿ ಬರೆದಿದ್ದಳು: ಇಲ್ಲಿ ರಾಗಿ ತೆನೆಯ ಕಟ್ಟು, ಇಲ್ಲಿ ತಂಗಡಿ ಗಿಡದ ಹಳದಿ ಹೂವು, ಇಲ್ಲಿ ಅಮ್ಮನ ಹಳೇ ಮೊರಗಳಿಗೆ ಕೆಮ್ಮಣ್ಣು ಬಳಿದು ಸುಣ್ಣದ ಚುಕ್ಕಿ ಇಟ್ಟು ತೂಗುಹಾಕಬೇಕು. ಶಾಮಿಯಾನದವನು ಪ್ಲಾಸ್ಟಿಕ್ ಹೂವಿನ ಗೋಡೆ ತರುತ್ತೇನೆಂದರೆ ಕೈಮುಗಿದು ಕಳಿಸಿದಳಂತೆ. ಒಂದು ಕಡೆ ಪ್ರಶ್ನೆ ಹಾಕಿ 'ಇಲ್ಲಿ ಮಾವ ಏನಾದ್ರೂ' ಎಂದು ಬರೆದಿದ್ದಳು. ಹುಡುಗ ನಮ್ಮ ರಾಯದುರ್ಗದವನೇ, ಜೀನ್ಸ್ ಹೊಲಿಯುವಲ್ಲಿ ಕಟಿಂಗ್ ಮಾಸ್ತರ. ಅವನಿಂದ ಚೂರು ಬಟ್ಟೆ ತರಿಸಿಕೊಂಡು ನಾಲ್ಕು ತಿಂಗಳು ಕೂತು ಹೂವು ಹೊಲಿದೆ. ಕಡುನೀಲಿ, ತಿಳಿನೀಲಿ, ತೊಳೆದು ಬೆಳ್ಳಗಾದದ್ದು. ಎರಡು ಗೋಣಿಚೀಲ ತುಂಬಿತು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸುವಾಗ ಕಂಡಕ್ಟರ್ ಏನಿದು ಎಂದು ಕೇಳಿದ. ಹೂವು ಅಂದರೆ ನಂಬಲಿಲ್ಲ.

ಚೀಲ ಸುರಿದಾಗ ನಿನ್ನ ಮಗಳು ನಿನ್ನ ಹಾಗೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. 'ಮಾವ, ನೀಲಿ ಕನಕಾಂಬರ ಯಾವೂರಾಗೆ ಬಿಡ್ತೈತೆ?' ಎಂದಳು. 'ನಮ್ಮೂರಾಗ ಬಿಡ್ತೈತವ್ವ, ನೀರು ಬ್ಯಾಡ, ಕರೆಂಟ್ ಇದ್ರ ಸಾಕು' ಎಂದೆ. ನಕ್ಕಳು. ನಗುತ್ತಲೇ ಒಂದು ಹೂವನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ನಿಜವಾದ ಹೂವು ಹೇಳಲು ಮಡಕಶಿರಕ್ಕೆ ನಾನೇ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ನನಗೆಲ್ಲಿದೆ? ಹೂವಿನಂಗಡಿಯ ಹೆಂಗಸಿನ ಮುಂದೆ ನಿಂತು ಎರಡೂ ತೋಳು ಅಗಲಿಸಿದೆ.

'ಏನ್ ತಾತ, ಬೆಳಬೆಳಗ್ಗೇನೆ ಯಾರನ್ನ ತಬ್ಕಳಾಕ್ ಬಂದೆ?' ಎಂದಳು. ಅಕ್ಕಪಕ್ಕದವರೆಲ್ಲ ನಕ್ಕರು.

'ತಬ್ಕೊಳ್ಳಾಕಲ್ಲವ್ವ, ಅಳತಿ ತೋರ್ಸಾಕ. ನಲವತ್ತು ಮಾರು ಬೇಕು. ಮೂರ ಅಲ್ಲ, ಮೊಳ ಅಲ್ಲ. ಮಾರು!'

'ಅಯ್ಯೋ ಗೊತ್ತು ಬಿಡು. ಯಾರ ಮಾರು, ಅದ್ ಯೇಳು. ನಿನ್ ಬೆನ್ನು ಬಗ್ಗೋಗೈತೆ, ನಿನ್ ಕೈಲಿ ಅಳದ್ರೆ ನಿನಗೇ ಲಾಸು. ನನ್ ಕೈ ಇನ್ನೂ ಗಿಡ್ಡ.' ಆಮೇಲೆ ತಾನೇ ನೆನೆಸಿಕೊಂಡು ಹೇಳಿದಳು: 'ಅಮರಾಪುರದಾಗೆ ಕನಕಾಂಬರದ ಓಬಕ್ಕ ಅಂತ ಇದ್ಲು, ಪಾಪ ಈಗಿಲ್ಲ. ಅವಳ ಮನೇಲಿ ಒಂದು ಹುರಿ ಐತೆ. ಅದನ್ನ ತತ್ತಾ. ಅದ್ರಾಗೆ ಅಳದ್ರೆ ಈ ಕಡೆ ಯಾರೂ ತಕರಾರು ಮಾಡಲ್ಲ.'

ನಾನು ಅವಳಣ್ಣ ಎಂದು ಹೇಳಲು ಬಾಯಿ ತೆರೆದೆ. ಹೇಳದೆ ಅಮರಾಪುರದ ಬಸ್ ಹತ್ತಿದೆ.

ಕಣದಲ್ಲಿ ನಿನ್ನ ಯಜಮಾನರು ಮೊರಗಳಿಗೆ ಸುಣ್ಣದ ಚುಕ್ಕಿ ಇಡುತ್ತಾ ಕೂತಿದ್ದರು. 'ಭಾವ, ಮನ್ಯಾಗ ಹೂವು ಅಳಿಯೋ ಹುರಿ ಐತೇನ್ರಿ?' ಎಂದು ಕೇಳಿದೆ. ಒಳಗೆ ಹೋಗಿ ಮೊಳೆಯಿಂದ ಇಳಿಸಿ ತಂದರು. ಸೆಣಬಿನ ಹುರಿ, ಎರಡು ತುದಿಗೂ ಗಂಟು, ಕೈಯಾಡಿ ಆಡಿ ನುಣ್ಣಗಾಗಿದೆ. 'ಇದಾ? ಅಣ್ಣನ ಮಾರು' ಎಂದರು. ನನಗೆ ಅರ್ಥವಾಗಲಿಲ್ಲ. 'ಅಂಗೇ ಅಂತಿದ್ಲು ಭಾವ. ನಿಮ್ದೇ ಅಲ್ವಾ ಅಳತೆ?' ಎಂದರು.

ನಿನ್ನ ಮದುವೆಯ ನಂತರದ ಮೊದಲ ನಾಗರಪಂಚಮಿಗೆ ನಿನ್ನನ್ನು ತವರಿಗೆ ಕರೆದುಕೊಂಡು ಹೋಗಲು ಬಂದಿದ್ದೆ. ನೀನು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ 'ಅಣ್ಣಾ, ಕೈ ಅಗಲ್ಸು' ಎಂದೆ. ಯಾಕವ್ವ ಎಂದರೆ 'ಬಟ್ಟಿ ಒಣ ಹಾಕಾಕ ಹುರಿ ಬೇಕು' ಎಂದೆ. ಬೆರಳಿನಿಂದ ಬೆರಳಿಗೆ ಎಳೆದು ಹಿಡಿದು ಗಂಟು ಹಾಕಿಕೊಂಡೆ. ಮರುಕ್ಷಣವೇ ನಾನು ಮರೆತೆ. ನೀನು ಕನಕಾಂಬರ ಮಾರಲು ಶುರು ಮಾಡಿದಾಗಿನಿಂದ ಊರಿಗೆಲ್ಲ ಅದರಲ್ಲೇ ಅಳೆದು ಕೊಟ್ಟೆಯಂತೆ. ನಿನ್ನ ತೋಳಿನಲ್ಲಿ ಅಳೆದಿದ್ದರೆ ನಿನಗೆ ಎಷ್ಟೋ ಹೂವು ಉಳಿಯುತ್ತಿತ್ತು. ಬೆಳೆದವಳು ನೀನು, ಕಟ್ಟಿದವಳು ನೀನು, ಅಳತೆ ಯಾಕೆ ನನ್ನದು, ಓಬಿ?

ಭಾವ ಬ್ರಷ್ ಕೆಳಗಿಟ್ಟು ಮೆಲ್ಲಗೆ ಹೇಳಿದರು. 'ನಿಮ್ಗೆ ಯೇಳ್ಬೇಡ ಅಂದಿದ್ಲು. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ನನ್ಗೆ ಯೇಳಿದ್ದು. ಮದ್ವೆ ದಿನ ಹೂವಿನಾಕೆ ತಲೆಗೆ ಮುಡಿಸ್ತಾ, ನಿಮ್ಮಣ್ಣ ನಾನು ತೋರ್ಸಿದ್ದ ನೋಡ್ಲೇ ಇಲ್ಲ ತಾಯಿ ಅಂದ್ಲಂತೆ. ಇವಳು ಅವಳ ಬಾಯಿ ಮುಚ್ಚಿಸಿ, ನಮ್ಮಪ್ಪಂಗೆ ಗೊತ್ತಾದ್ರೆ ಅಣ್ಣನ್ನ ಹೊಡೀತಾನೆ, ನನ್ ಮೇಲೆ ಆಣೆ ಅಂದ್ಲಂತೆ.'

ಅಂದರೆ ನಿನಗೆ ಅವತ್ತೇ ಗೊತ್ತಿತ್ತು! ಅರಿಸಿನದ ಕೈಯಲ್ಲಿ ಕೂತಿದ್ದಾಗಲೇ ಗೊತ್ತಿತ್ತು. ಮೊಳದ ಸೊಸೆ ಎನ್ನಿಸಿಕೊಳ್ಳುವಾಗಲೂ ಗೊತ್ತಿತ್ತು. ನನ್ನ ಒಂದೊಂದು ಅಕ್ಷರದ ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದಿದವಳು ಈ ಒಂದು ತಪ್ಪನ್ನು ಯಾಕೆ ಬಿಟ್ಟೆ? ಅಥವಾ ಬಿಟ್ಟಿರಲಿಲ್ಲವೋ? ನಿನ್ನ ಹೂವು ಯಾವಾಗಲೂ ಗಿಡ್ಡ ಎಂದು ಬರೆಯುವಾಗ ನೀನು ನಗುತ್ತಿದ್ದೆಯಾ, ಅಳುತ್ತಿದ್ದೆಯಾ? ಒಂದು ಸಲ ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾದೆಯಾ?

ಕಣದಲ್ಲೇ ನಿಂತು ಹುರಿ ಹಿಡಿದು ತೋಳು ಅಗಲಿಸಿದೆ. ನಾಲ್ಕು ಬೆರಳು ಹುರಿ ಉಳಿಯಿತು. ಮಿಷನ್ ಮೇಲೆ ಬಗ್ಗಿ ಬಗ್ಗಿ ನನ್ನ ಮಾರು ಅಷ್ಟು ಸವೆದಿದೆ. ನಿನ್ನ ಮೊಳೆಗೆ ತೂಗಿದ್ದು ಮಾತ್ರ ನಿನ್ನನ್ನು ಪಂಚಮಿಗೆ ಕರೆಯಲು ಬಂದಿದ್ದ ಆ ಅಣ್ಣನಷ್ಟೇ ಉದ್ದ ಇತ್ತು.

ಮರುದಿನ ಹುರಿಯನ್ನು ಮಡಕಶಿರದ ಹೂವಿನಂಗಡಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಮದುವೆಯ ಬೆಳಗ್ಗೆ ಹೂವು ಬಂತು, ಅದೇ ಹುರಿಯಲ್ಲಿ ಅಳೆದು, ನಲವತ್ತು ಮಾರು. ನಾನೇ ಎಣಿಸಿದೆ, ಎರಡು ಸಲ. ಶೈಲು ಹುರಿಯನ್ನು ಕೈಗೆ ತೆಗೆದುಕೊಂಡು 'ಮಾವ, ನನ್ ಹಾರ ಇದ್ರ ಮೇಲೇ ಕಟ್ಟು' ಎಂದಳು. ಹೊಂಗೆಯ ನೆರಳಲ್ಲಿ ಕೂತು ಕಟ್ಟಿದೆ. ಕನಕಾಂಬರ, ಬಿಳಿ ಸೇವಂತಿ, ನಡುನಡುವೆ ಮರುಗ. ಸೂಜಿ ಹಿಡಿದ ಬೆರಳು, ಹೂವಿನ ಗಂಟು ಬಿಗಿಯಾಗಿ ಬರುವುದಿಲ್ಲ. ನೀನಿದ್ದಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಹುಡುಗನ ತಾಯಿ ಚಪ್ಪರದೊಳಗೆ ಬಂದವರೇ ತಲೆಯೆತ್ತಿ ನೋಡಿ ನಿಂತರು. 'ಏನ್ ಬೀಗ್ರ, ಪ್ಯಾಂಟ್ ಹರದು ಹೂವ ಮಾಡೀರಲ್ರಿ! ಊಟಕ್ಕೂ ಗುಂಡಿ ಬಡಸ್ತೀರೇನು?' ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಶೈಲು ಬಾಸಿಂಗದ ಕೆಳಗಿನಿಂದಲೇ 'ಅತ್ತೆ, ಅದು ನಿಮ್ಮ ಮಗ ಕತ್ತರಿಸಿದ ಬಟ್ಟೇನೇ' ಎಂದಳು. ಆಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಹೊರಡುವಾಗ ಮಾತ್ರ ಒಂದು ನೀಲಿ ಹೂವಿನ ಸರವನ್ನು ಬಿಚ್ಚಿಸಿಕೊಂಡು ಚೀಲಕ್ಕೆ ಹಾಕಿಕೊಂಡರು.

ಸೋದರಮಾವನಾಗಿ ಶೈಲೂನನ್ನು ಮಂಟಪಕ್ಕೆ ಕರೆತಂದೆ. ಧಾರೆಗೆ ಭಾವನ ತಮ್ಮ ಮತ್ತು ಆತನ ಹೆಂಡತಿ ಕೂತರು. ನಿನ್ನ ಯಜಮಾನರು ಹೊಂಗೆ ಮರಕ್ಕೆ ಒರಗಿ ನಿಂತಿದ್ದರು, ಗಾಳಿಗೆ ತಿರುಗುತ್ತಿದ್ದ ಒಂದು ಮೊರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡು. ಹಾರ ನಿನ್ನ ಮಗಳ ಮೊಣಕಾಲು ಮುಟ್ಟುತ್ತಿತ್ತು. ನಿನಗೆ ಬರಬೇಕಾಗಿದ್ದದ್ದು ಅದು. ಎಲ್ಲರೂ ಅಕ್ಕಿ ಹಾಕಿದರು.

ನೀನು ಅವತ್ತು ನನ್ನನ್ನು ಉಳಿಸಿದೆ. ಆದರೆ ಹೂವಿನಾಕೆಯನ್ನು ನಾವಿಬ್ಬರೂ ಸೇರಿ ಬಿಟ್ಟುಕೊಟ್ಟೆವಲ್ಲ, ಓಬಿ. ಅಪ್ಪ ಮತ್ತೆಂದೂ ಆಕೆಯ ಹೂವು ತರಲಿಲ್ಲ. ಓಣಿಯವರೂ ಬಿಟ್ಟರು. ಆಕೆ ಈಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಆಕೆಯ ಮಗಳು ಕೂರುತ್ತಾಳೆ, ಅವಳಿಗೂ ತಲೆ ನರೆತಿದೆ. ನಿನ್ನೆ ಹೋಗಿ ಎಲ್ಲ ಹೇಳಿದೆ, ನನ್ನ ಹೆಸರು, ಅಪ್ಪನ ಹೆಸರು, ಎಲ್ಲ. ಕಟ್ಟುತ್ತಿದ್ದ ಹೂವು ಬಿಡದೆ ಕೇಳಿಸಿಕೊಂಡಳು. 'ನಮ್ಮವ್ವ ಸಾಯೋತನಕ ಮೊಳಕೈ ತೋರ್ಸೇ ಕೇಳ್ತಿದ್ಲುರಿ. ಕೊಳ್ಳೋರು ನೋಡ್ಬೇಕಲ್ಲ' ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಎಷ್ಟು ಬೇಕು ಎಂದು ಕೇಳಿದಳು. ಒಂದು ಮೊಳ ಎಂದೆ. ಮೊಳಕೈ ಎತ್ತಿ ತೋರಿಸಿದಳು. ಈ ಸಲ ನೋಡಿದೆ.

ಆ ಮೊಳ ಹೂವು ನಿನ್ನ ಫೋಟೋಕ್ಕೆ ಹಾಕಿದೆ. ಹಾರ ಬಾಡಿದ ಮೇಲೆ ಶೈಲು ಹುರಿಯನ್ನು ಬಿಡಿಸಿ, ತೊಳೆದು, ಇಲ್ಲಿ ತನ್ನ ಗಂಡನ ಮನೆಯ ಮೊಳೆಗೆ ಹಾಕಿದ್ದಾಳೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವಳಿಗೆ ಅಣ್ಣ ತಮ್ಮ ಇಲ್ಲ. ಪಂಚಮಿಗೆ ಅವಳನ್ನು ಅಮರಾಪುರಕ್ಕೆ ಕರೆದುಕೊಂಡು ಬರುವವನು ನಾನೇ, ಕಾಲು ನಡೆಯುವಷ್ಟು ವರ್ಷ. ನಿನ್ನ ಅಂಗಳದಲ್ಲಿ ನಿಂತು ಅವಳು ಕೈ ಅಗಲಿಸು ಎಂದರೆ ಅಗಲಿಸುತ್ತೇನೆ, ಎಷ್ಟಿದೆಯೋ ಅಷ್ಟು.

ಕೆಂಪು ಪೆನ್ನೊಂದನ್ನು ಕೊಂಡು ಈ ಕಾಗದದ ಜೊತೆ ಇಟ್ಟಿದ್ದೇನೆ. ಹೂವು ಎಂದು ಬರೆದ ಕಡೆಯಲ್ಲೆಲ್ಲ ಬೆರಳಿಟ್ಟು ನೋಡಿದೆ. ಎಲ್ಲೂ ಗಿಡ್ಡ ಬಿಟ್ಟಿಲ್ಲ, ಓಬಿ.

ನಿನ್ನ ಅಣ್ಣ