ಕೆಳಗೆ ಒತ್ತಿದರೆ ಮೇಲೆ ಹತ್ತುವ ಏಣಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಆಶೀರ್ವಾದ ಮೊದಲು, ಜಗಳ ಆಮೇಲೆ. ನಾನು ಚೆನ್ನಾಗಿದ್ದೇನೆ, ಅಮ್ಮನೂ ಚೆನ್ನಾಗಿದ್ದಾಳೆ. ಹೊಲಿದ ಪರದೆಗಳನ್ನು ಯಾರದೋ ಮನೆಗೆ ತಲುಪಿಸಿ ಬರುತ್ತೇನೆಂದು ಈಗಷ್ಟೇ ಹೊರಟಳು. ಅವಳು ವಾಪಸು ಬರುವುದರೊಳಗೆ ಇದನ್ನು ಮುಗಿಸಬೇಕು. ಫೋನು ಇಟ್ಟುಕೊಂಡು ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ಕೇಳಿದರೆ "ಅಯ್ಯೋ ಅಕ್ಕಾ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನ ಒಲೆಯ ಮೇಲೆ ಯಾವಾಗ ನೋಡಿದರೂ ಹಾಲಿರುತ್ತದೆ. ಮೆಸೇಜು ಕಳಿಸಿದರೆ ಹಲ್ಲು ಕಿಸಿಯುವ ಹಳದಿ ಮುಖವೊಂದು ಬರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕದೆ ಪೂರ್ತಿ ಓದಲೇಬೇಕು.

ನೀನು ಮಾಡಿದ ಕಂಪ್ಯೂಟರ್ ಆಟವನ್ನು ನನಗೆ ಕಳಿಸಿ, ಆಫೀಸಿನಲ್ಲಿ ಬೇರೆಯವರ ಆಟಗಳಿಗೆ ಬರೆಯುವ ಹಾಗೆಯೇ ಗುಣ ದೋಷ ಎರಡನ್ನೂ ಮುಲಾಜಿಲ್ಲದೆ ಬರಿ ಅಂದಿದ್ದೆ. ನನ್ನ ಕೆಲಸ ಏನೆಂದು ನಿನಗೆ ಗೊತ್ತೇ ಇದೆ. ದಿನವಿಡೀ ಕೂತು ಆಟದೊಳಗಿನ ಗೋಡೆಗೆ ತಲೆ ಚಚ್ಚುವುದು, ನೆಗೆಯಬಾರದ ಕಡೆ ನೆಗೆಯುವುದು, ಕೊಂಡವರು ಬೈಯುವ ಮೊದಲು ತಪ್ಪು ಹುಡುಕಿ ಬರೆದಿಡುವುದು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಗೊತ್ತಿದ್ದೂ ನನ್ನ ಕೈಗೆ ಕೊಟ್ಟೆಯಲ್ಲ, ಅದಕ್ಕೆ ಧೈರ್ಯ ಅನ್ನಲೋ ದಡ್ಡತನ ಅನ್ನಲೋ ತಿಳಿಯುತ್ತಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನೋಡಲು ತುಂಬಾ ಚೆನ್ನಾಗಿದೆ ಕಣೇ. ಹಳೇ ಕಾಲದ ಆಟದ ಹಾಗೆ ಮಾಡುತ್ತೇವೆಂದು ಹೊರಟವರು ದಪ್ಪ ದಪ್ಪ ಚೌಕಗಳನ್ನು ಜೋಡಿಸಿ, ಕಿರಿಕಿರಿ ಶಬ್ದ ಹಾಕಿ, ಇದೇ ಹಳೆಯದು ಎನ್ನುತ್ತಾರೆ. ನೀನು ಹಾಗೆ ಮಾಡಿಲ್ಲ. ಎರಡೋ ಮೂರೋ ಬಣ್ಣದಲ್ಲೇ ಸಂಜೆ ತಂದಿದ್ದೀಯ. ಬೀಗ ರಿಪೇರಿಯ ಆ ಮುದುಕ, ಜನ ಬಿಟ್ಟುಹೋದ ಊರಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ನೆಗೆಯುತ್ತಾ ಮುಚ್ಚಿದ ಬಾಗಿಲುಗಳನ್ನೆಲ್ಲ ತೆರೆಯುತ್ತಾ ಹೋಗುವುದು ನನಗೆ ಬಹಳ ಹಿಡಿಸಿತು. ಛತ್ರಿ ಸಿಕ್ಕ ಮೇಲೆ ಮೊದಲು ದಾಟಲಾಗದಿದ್ದ ಕಂದಕವನ್ನು ತೇಲಿಕೊಂಡು ದಾಟುವುದು, ಕೊಕ್ಕೆ ಸಿಕ್ಕ ಮೇಲೆ ಹಳೇ ಬೀದಿಗೇ ವಾಪಸು ಬಂದರೆ ಅಲ್ಲೊಂದು ಹೊಸ ದಾರಿ ಕಾಣುವುದು, ಇದೆಲ್ಲ ಕೈ ಪಳಗಿದವರ ಕೆಲಸ. ಆಟದಲ್ಲಿ ಅಂಗಡಿ ಇಟ್ಟಿರುವ ಬೆಕ್ಕು ಪ್ರತಿ ಸಲವೂ ಟೋಪಿ ಹಾಕುತ್ತದೆ ಎಂದು ಗೊತ್ತಿದ್ದೂ ಪ್ರತಿ ಸಲವೂ ಅದರ ಹತ್ತಿರವೇ ಹೋದೆ. ಆಫೀಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ.

ಇನ್ನು ದೋಷಗಳು. ಚರಂಡಿಯ ಭಾಗ ಚೂಯಿಂಗ್ ಗಮ್ಮಿನ ಹಾಗೆ ಎಳೆದಿದೆ. ಎಲ್ಲಾ ತಿರುವುಗಳೂ ಒಂದೇ ಥರ, ಬಂದ ದಾರಿಯೋ ಹೋಗುವ ದಾರಿಯೋ ತಿಳಿಯುವುದಿಲ್ಲ. ತೆರೆದ ಬಾಗಿಲು ಯಾವುದು, ತೆರೆಯದ್ದು ಯಾವುದು ಎಂದು ನಕ್ಷೆ ತೋರಿಸುವುದಿಲ್ಲ. ಕೊನೆಯಲ್ಲಿ ಬರುವ ಕಬ್ಬಿಣದ ಕಾವಲುಗಾರನನ್ನು ಬಾಗಿಲ ಹಿಂದೆ ಅವಿತು ಕೂತೇ ಸೋಲಿಸಬಹುದು. ಇವೆಲ್ಲ ಮಾಮೂಲು ತಪ್ಪುಗಳು, ಯಾರು ಬೇಕಾದರೂ ಮಾಡುತ್ತಾರೆ, ತಿದ್ದಿಕೋ.

ಮಾಮೂಲು ಅಲ್ಲದ ಕೆಲವು ಇವೆ. ನನ್ನ ತಲೆ ಕೆಟ್ಟಿದ್ದು ಅವುಗಳಿಂದ.

ನಿನ್ನ ಮುದುಕ ನೆಗೆಯುವುದು ತೀರಾ ನಿಧಾನ. ಮಾಳಿಗೆಯ ಅಂಚು ದಾಟಿದ ಮೇಲೂ ಒಂದು ಗಳಿಗೆ ನೆಗೆತದ ಗುಂಡಿಗೆ ಕೆಲಸವಿರುವಂತೆ ಎಲ್ಲರೂ ಮಾಡುತ್ತಾರೆ, ಆಡುವವರಿಗೆ ಸ್ವಲ್ಪ ರಿಯಾಯಿತಿ ಇರಲಿ ಎಂದು. ನಿನ್ನ ಆಟದಲ್ಲಿ ಅದು ಎಷ್ಟು ಧಾರಾಳವಾಗಿದೆ ಎಂದರೆ, ಮುದುಕ ಗಾಳಿಯಲ್ಲಿ ನಿಂತು ಲೋಕಾಭಿರಾಮ ಮಾತಾಡಿ ಆಮೇಲೆ ನೆಗೆಯಬಹುದು. ಸತ್ತರೆ ಆಟ ಹಿಂದಕ್ಕೆ ಹೋಗುವುದೇ ಇಲ್ಲ, ಬಿದ್ದಲ್ಲೇ ಎದ್ದು ನಿಲ್ಲುತ್ತಾನೆ. ಎಲ್ಲಿಯೂ ಗಡಿಯಾರದ ಅವಸರವಿಲ್ಲ. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದಪ್ಪ. ಅಷ್ಟೇ ಅಲ್ಲ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನಲ್ಲಿ ನಡೆಯುವುದು, ನೆಗೆಯುವುದು, ಬೀಗ ತೆಗೆಯುವುದು ಎಲ್ಲವೂ ಎಡಗಡೆಯ ಗುಂಡಿಗಳಲ್ಲೇ ಇವೆ. ಬಲಗೈಗೆ ಕೆಲಸವೇ ಇಲ್ಲ. ಇದನ್ನು ಫೋನಿನಲ್ಲಿ ಕೇಳಿದಾಗ, "ಸುಮ್ನೆ ಅಕ್ಕಾ, ಸ್ಟೈಲ್‌ಗೆ" ಅಂದೆ. ಆಮೇಲೆ ಹಾಲು ಉಕ್ಕಿತು.

ಮೊದಲು ನನಗೆ ಬಂದ ಅನುಮಾನ ಯಾವುದೆಂದು ಹೇಳಿದರೆ ನಗುತ್ತೀಯ. ಯಾರೋ ಒಬ್ಬ ಇದ್ದಾನೆ, ಗಾಡಿಯಿಂದ ಬಿದ್ದು ಕೈ ಮುರಿದುಕೊಂಡಿದ್ದಾನೆ, ನಮ್ಮ ಗುಬ್ಬಿ ಅವನ ಪಕ್ಕ ಕೂತು ಆಟ ಆಡಿಸುತ್ತಿದ್ದಾಳೆ ಅಂದುಕೊಂಡೆ. ಮನಸ್ಸಿನಲ್ಲೇ ಅವನಿಗೆ ಮೀಸೆಯನ್ನೂ ಇಟ್ಟೆ, ಬೈಗುಳಗಳನ್ನೂ ಸಿದ್ಧ ಮಾಡಿಕೊಂಡೆ. ಆದರೆ ಪ್ರಾಯದ ಹುಡುಗನಿಗೆ ಇಷ್ಟು ದಪ್ಪ ಅಕ್ಷರ ಯಾಕೆ ಬೇಕು? ಆಮೇಲೆ ಏಣಿ ಹತ್ತುವುದನ್ನು ಗಮನಿಸಿದೆ. ಮುದುಕ ಎಡಗಾಲನ್ನು ಮೇಲಿನ ಮೆಟ್ಟಿಲಿಗೆ ಇಡುತ್ತಾನೆ, ಬಲಗಾಲನ್ನು ಎಳೆದು ಅದೇ ಮೆಟ್ಟಿಲಿಗೆ ತಂದು ಜೋಡಿಸುತ್ತಾನೆ, ಆಮೇಲೆ ಮುಂದಿನ ಮೆಟ್ಟಿಲು. ಬಲಗಾಲು ಮೇಲಿಡುವ ಚಿತ್ರ ಬರೆಯಲು ಮರೆತಿದ್ದಾಳೆ, ಸರಿಪಡಿಸಬೇಕು ಎಂದು ಗುರುತು ಹಾಕಿಕೊಂಡೆ. ಎಂಥ ಪೆದ್ದಿ ನಾನು.

ಗುಟ್ಟು ಬಯಲಾಗಿದ್ದು ನನ್ನಿಂದಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವಳು ಊಟದ ಹೊತ್ತಿನಲ್ಲಿ ಸುಮ್ಮನೆ ಆಡಲು ಕೂತಳು. ಮೊದಲನೇ ಏಣಿಯ ಬುಡದಲ್ಲೇ ಸಿಕ್ಕಿಕೊಂಡಳು. "ಇದೇನ್ರೀ ಇದು, ಏಣಿ ಉಲ್ಟಾ ಇದೆ! ಮೇಲೆ ಒತ್ತಿದ್ರೆ ಇಳೀತಾನೆ, ಕೆಳಗೆ ಒತ್ತಿದ್ರೆ ಹತ್ತುತಾನೆ. ಇಷ್ಟು ದೊಡ್ಡ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಅಂದಳು. ಇಲ್ಲ, ಬಿದ್ದಿರಲಿಲ್ಲ. ಆಟದ ಮುಕ್ಕಾಲು ಭಾಗ ಮುಗಿಸಿದ್ದೆ, ನೂರಾರು ಏಣಿ ಹತ್ತಿಳಿದಿದ್ದೆ. ನನ್ನ ಬೆರಳು ಒಮ್ಮೆಯೂ ತಡವರಿಸಿರಲಿಲ್ಲ.

ಆ ಉಲ್ಟಾ ಏಣಿ ಈ ಪ್ರಪಂಚದಲ್ಲಿ ಒಂದೇ ಒಂದು ಕಡೆ ಇತ್ತು. ಬಸ್ ನಿಲ್ದಾಣದ ಹಿಂದಿನ ನಮ್ಮ ಗೇಮ್ ಅಂಗಡಿಯಲ್ಲಿ, ಬಾಗಿಲ ಪಕ್ಕದ ಯಂತ್ರದಲ್ಲಿ. ರಿಪೇರಿ ಮಾಡುವಾಗ ಆ ಮನುಷ್ಯ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸೆದುಬಿಟ್ಟ. ಸರಿ ಮಾಡು ಎಂದರೆ "ಅಭ್ಯಾಸ ಆದ್ಮೇಲೆ ಅದೇ ಸರಿ ಹೋಗುತ್ತೆ ಬಿಡು" ಅನ್ನುತ್ತಿದ್ದ. ನಾನು ಆಡಲು ಕಲಿತದ್ದು ಅದರಲ್ಲಿ. ಶಾಲೆ ಬಿಟ್ಟ ಮೇಲೆ ನಾನೂ ಆ ಮನುಷ್ಯನೂ ಅಕ್ಕಪಕ್ಕ ನಿಂತು ಆಡುತ್ತಿದ್ದೆವು, ಅಮ್ಮ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ನೀನಾಗ ಸ್ಟೂಲು ಹತ್ತಿದರೂ ಗುಂಡಿ ಎಟುಕುತ್ತಿರಲಿಲ್ಲ. ನೀನು ಶಾಲೆಗೆ ಸೇರುವ ಮೊದಲೇ ಅಂಗಡಿ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು, ಆ ಮನುಷ್ಯ ಒಂದು ಮಧ್ಯಾಹ್ನ ಈಗ ಬಂದೆ ಎಂದು ಹೋದವನು ಬರಲೇ ಇಲ್ಲ. ಆ ಏಣಿಯ ವಿಷಯ ನಾನು ನಿನಗೆ ಹೇಳಿಲ್ಲ. ಅಮ್ಮ ಹೇಳಿರಲು ಸಾಧ್ಯವಿಲ್ಲ, ಈ ಮನೆಯಲ್ಲಿ ಆ ಮಾತು ಎತ್ತಬಾರದೆಂದು ನಾನೇ ಕಟ್ಟು ಮಾಡಿದ್ದೆ. ಇನ್ನು ಉಳಿಯುವುದು ಯಾರು?

ಈಗ ನೋಡು. ಬಲಗೈ ಆಡದವರು, ಬಲಗಾಲು ಎಳೆಯುವವರು, ಕಣ್ಣು ಮಂಜಾದವರು, ಅವಸರ ಮಾಡಿದರೆ ಗಾಬರಿಯಾಗುವವರು, ಬಿದ್ದರೆ ಮೊದಲಿಂದ ಶುರುಮಾಡಲು ತಾಳ್ಮೆ ಇಲ್ಲದವರು, ಏಣಿ ಹತ್ತಲು ಕೆಳಗಿನ ಗುಂಡಿಯನ್ನೇ ಒತ್ತುವವರು. ನಿನ್ನ ಆಟದ ದೋಷಗಳನ್ನೆಲ್ಲ ಒಂದು ಕಡೆ ಸೇರಿಸಿದರೆ ಒಬ್ಬ ಮನುಷ್ಯ ಎದ್ದು ಕೂರುತ್ತಾನೆ. ನೀನು ಈ ಆಟ ಮಾಡಿದ್ದು ಜನಕ್ಕಲ್ಲ. ಒಬ್ಬನಿಗೆ.

ನೀನು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ ಗುಬ್ಬಿ. ಅವನು ಎದುರು ಬಂದರೂ ಮುಖ ತಿರುಗಿಸುತ್ತೇನೆ ಎಂದಿದ್ದೆ. ಅವನು ಹೋದ ಮೇಲೆ ಅಮ್ಮ ಹಗಲು ರಾತ್ರಿ ಹೊಲಿಗೆ ಯಂತ್ರದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ನಿನಗೆ ಅದು ನೆನಪಿಲ್ಲ, ಆಗ ನೀನು ಮಗು. ನನ್ನ ಹೊಟ್ಟೆ ಉರಿಯುತ್ತಿದೆ. ಎಲ್ಲಿ ಸಿಕ್ಕಿದ? ಅವನೇ ಹುಡುಕಿಕೊಂಡು ಬಂದನೋ, ನೀನೇ ಹೋದೆಯೋ? ನಿನ್ನ ಊರಿನಲ್ಲೇ ಇದ್ದಾನೋ? ನಿನ್ನ ಮನೆಯಲ್ಲೇ ಇಟ್ಟುಕೊಂಡಿದ್ದೀಯೋ? ಹೋದ ತಿಂಗಳು ನಾನು ಬರುತ್ತೇನೆ ಎಂದಾಗ ಮನೆಗೆ ಸುಣ್ಣ ಬಳಿಸುತ್ತಿದ್ದೇನೆ, ಈಗ ಬೇಡ ಎಂದೆಯಲ್ಲ, ಅದೂ ಸುಳ್ಳೇ? ನೀನು ಹೇಳಿದ ಒಂದೊಂದು ಮಾತನ್ನೂ ಈಗ ಬೆಳಕಿಗೆ ಹಿಡಿದು ನೋಡುವ ಹಾಗಾಗಿದೆ. ನನಗದು ಇಷ್ಟವಿಲ್ಲ. ಆಫೀಸಿನಲ್ಲಿ ಮಾಡುವುದೇ ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಕಿವಿಗೊಟ್ಟು ಕೇಳು. ಅಮ್ಮನಿಗೆ ಇದು ತಿಳಿಯಕೂಡದು. ಮುಂದಿನ ವಾರ ಎಂದಿನ ಹಾಗೆ ಅವಳು ನಿನ್ನಲ್ಲಿಗೆ ನಾಲ್ಕು ದಿನ ಇದ್ದು ಬರಲು ಹೊರಡುತ್ತಾಳೆ. ಅಷ್ಟರೊಳಗೆ ಆ ಮನುಷ್ಯನ ಬಟ್ಟೆ, ಔಷಧಿ, ಚಪ್ಪಲಿ ಏನಿದ್ದರೂ ಕಣ್ಣಿಗೆ ಬೀಳದ ಹಾಗೆ ಮಾಡು. ಅವನನ್ನೂ ಬೇರೆ ಎಲ್ಲಾದರೂ ಇರಿಸು. ಅವಳು ಈಗ ನೆಮ್ಮದಿಯಾಗಿದ್ದಾಳೆ. ನಿನ್ನ ಊರಿಗೆ ಹೋಗಿಬಂದಾಗಲೆಲ್ಲ ಮುಖದಲ್ಲಿ ಒಂದು ಕಳೆ ಇರುತ್ತದೆ. ಅದನ್ನು ಕೆಡಿಸಬೇಡ. ಅವಳನ್ನು ನೋಡಿಕೊಂಡಿರುವುದು ಒಂದೇ ನಾನು ಇಷ್ಟು ವರ್ಷದಲ್ಲಿ ಸರಿಯಾಗಿ ಮಾಡಿದ ಕೆಲಸ.

ಇನ್ನು ಕೆಲವು ಪ್ರಶ್ನೆಗಳಿವೆ. ಆಟಕ್ಕೆ ಬೇಕಾಗುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ. ಬಲಗೈ ಪೂರ್ತಿ ಬಿದ್ದುಹೋಗಿದೆಯೋ, ಬೆರಳು ಸ್ವಲ್ಪವಾದರೂ ಮಡಿಸಲು ಬರುತ್ತದೆಯೋ? ಲಕ್ವ ಹೊಡೆದದ್ದು ಯಾವಾಗ? ಮಾತು ಇದೆಯೇ? ಊಟ ತಾನೇ ಮಾಡುತ್ತಾನೋ? ಅಪ್ಪ ಆಡುವಾಗ ಈಗಲೂ ಸೋತರೆ ಯಂತ್ರಕ್ಕೆ ಬೈಯುತ್ತಾನೋ?

ಉತ್ತರ ಬರೆ. ಕಾಗದದಲ್ಲೇ ಬರೆ.

ಬೈದರೂ ನಿನ್ನವಳೇ ಆದ,
ಅಕ್ಕ

ಮ.ಸೂ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಬಂದಳು. ಕಾಗದ ಯಾರಿಗೆ ಎಂದಳು. ಗುಬ್ಬಿಗೆ, ಅವಳ ಆಟದ ತಪ್ಪುಗಳನ್ನು ಬರೆದಿದ್ದೇನೆ ಎಂದೆ. ಕಂಪ್ಯೂಟರಿನ ಹತ್ತಿರವೂ ಸುಳಿಯದ ನಮ್ಮಮ್ಮ, ನೀರು ಕುಡಿದು ಲೋಟ ತೊಳೆದಿಡುತ್ತಾ ನನಗೆ ಬೆನ್ನು ಹಾಕಿಯೇ ಹೇಳಿದಳು: "ಹಾಗಾದ್ರೆ ಆ ಗೋಪುರದ ಬಾವಲಿಗಳನ್ನ ಸ್ವಲ್ಪ ಕಮ್ಮಿ ಮಾಡೋಕೆ ಬರಿ. ಅವರಿಗೆ ಅಲ್ಲಿ ದಾಟೋಕೆ ಆಗ್ತಾನೇ ಇಲ್ಲ, ಪಾಪ. ಸಿಟ್ಟು ಬಂದು ಅವತ್ತು ಊಟಾನೇ ಬಿಟ್ರು." ಇಷ್ಟು ಹೇಳಿ ಹೊಲಿಗೆಗೆ ಕೂತಳು. ಯಾರು ಅವರು ಎಂದು ನಾನು ಕೇಳಲಿಲ್ಲ. ನೀವೆಲ್ಲ ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀರಿ ಎಂದು ನಿನ್ನನ್ನೂ ಕೇಳುವುದಿಲ್ಲ. ಯಾಕೆ ಎಂದು ತಿಳಿಯಿತು. ಈ ಮನೆಯಲ್ಲಿ ಎಲ್ಲರೂ ಹೆದರುವುದು ನನಗೆ. ಮುಂದಿನ ವಾರ ಅಮ್ಮ ನಿನ್ನಲ್ಲಿಗೆ ಹೊರಡುವಾಗ ನಾನೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ, ಬಾಯಿ ಬಿಟ್ಟು ಏನೂ ಕೇಳುವುದಿಲ್ಲ. ಬಾ ಎನ್ನುತ್ತಾಳೋ ಇಲ್ಲವೋ, ನನಗೆ ಅನುಮಾನ.